ಕೋಚ್‌ನನ್ನು ಓಡಿಸುವ ಮೊದಲು ಸ್ವಲ್ಪ ತಡೆಯಿರಿ

ಸಂಪಾದಕರಿಗೆ ನಮಸ್ಕಾರ,

ಕಳೆದ ವಾರ ನಿಮ್ಮ ಕ್ರೀಡಾ ಪುಟದ ಕೆಳಮೂಲೆಯಲ್ಲಿ ಅಮೆರಿಕದ ಫುಟ್‌ಬಾಲ್ ತಂಡಗಳು ಕೋಚ್‌ಗಳನ್ನು ಮನೆಗೆ ಕಳಿಸಿದ ಸುದ್ದಿ ನಾಲ್ಕು ಸಾಲಿನಲ್ಲಿ ಬಂದಿತ್ತು. ಶಿರಸಿಯಲ್ಲಿ ಅದನ್ನು ಎಷ್ಟು ಜನ ಓದಿದರೋ, ನಾನಂತೂ ಎರಡು ಸಲ ಓದಿದೆ. ನಾನು ನಿವೃತ್ತ ಪಿ.ಟಿ. ಮಾಸ್ತರ. ಮಗ ಡಲ್ಲಾಸ್‌ನಲ್ಲಿದ್ದಾನೆ. ಎರಡು ವರ್ಷದ ಹಿಂದೆ ಅಡಿಕೆಗೆ ಎರಡನೇ ಸಲದ ಮದ್ದು ಹೊಡೆಸಿ, ತೋಟ ತಮ್ಮನಿಗೆ ಒಪ್ಪಿಸಿ, ಸೆಪ್ಟೆಂಬರ್‌ನಲ್ಲಿ ಹೋದವರು ಜನವರಿವರೆಗೆ ಅಲ್ಲೇ ಇದ್ದೆವು. ಕಾರಿಲ್ಲದೆ ಅಲ್ಲಿ ಹಾಲು ತರಲೂ ಆಗುವುದಿಲ್ಲ. ಹಾಗಾಗಿ ಭಾನುವಾರ ಬಂತೆಂದರೆ ಟಿವಿ ಮುಂದೆ ಕೂತು ಈ ಆಟ ನೋಡಿದ್ದೇ ನೋಡಿದ್ದು. ಕಾಲಲ್ಲಿ ಒದೆಯುವುದು ಅಪರೂಪ, ಹೆಸರು ಮಾತ್ರ ಫುಟ್‌ಬಾಲ್. ಇರಲಿ.

ನನ್ನ ಕಣ್ಣು ಹೋಗುತ್ತಿದ್ದದ್ದು ಗೆರೆಯ ಹೊರಗೆ ಹೆಡ್‌ಫೋನ್ ಹಾಕಿ ನಿಂತ ಹೆಡ್ ಕೋಚ್ ಮೇಲೆ. ತಂಡದಲ್ಲಿ 53 ಜನ. ಚೆಂಡು ಮುಂದೆ ಒಯ್ಯುವ 11 ಜನ ಬೇರೆ, ತಡೆಯುವ 11 ಜನ ಬೇರೆ, ಎರಡಕ್ಕೂ ಬೇರೆ ಬೇರೆ ಸಹಾಯಕ ಕೋಚ್‌ಗಳು. ಈ ಸಲ ಏನು ಆಡಬೇಕು ಅಂತ ಕ್ವಾರ್ಟರ್‌ಬ್ಯಾಕ್‌ನ, ಅಂದರೆ ಚೆಂಡು ಹಿಡಿದು ಆಟ ನಡೆಸುವವನ, ಹೆಲ್ಮೆಟ್‌ಗೆ ರೇಡಿಯೋದಲ್ಲಿ ಹೇಳುತ್ತಾರೆ. ಪ್ರತಿ ಸಲ ಆಟ ಶುರುಮಾಡಲು ಕೊಡುವ ಸಮಯದ ಗಡಿಯಾರದಲ್ಲಿ 15 ಸೆಕೆಂಡ್ ಉಳಿಯಿತು ಅಂದರೆ ಆ ದನಿ ಕಟ್. ಆಮೇಲೆ ಹುಡುಗರದ್ದೇ ಆಟ. ಅಂದರೆ ಕೋಚ್‌ನ ಕೆಲಸ ಬಹಳಷ್ಟು ಶನಿವಾರದೊಳಗೇ ಮುಗಿದಿರಬೇಕು.

ನಮ್ಮ ಕಡೆ ಜೋರಾಗಿ ಬೈಯುವವನೇ ಒಳ್ಳೆಯ ಕೋಚ್ ಅಂತ ಒಂದು ನಂಬಿಕೆ ಇದೆ. 1950ರ ದಶಕದಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡದಲ್ಲಿ ಇಬ್ಬರು ಸಹಾಯಕ ಕೋಚ್‌ಗಳಿದ್ದರು. ವಿನ್ಸ್ ಲೊಂಬಾರ್ಡಿ ಗುಡುಗುವ ಮನುಷ್ಯ. ಟಾಮ್ ಲ್ಯಾಂಡ್ರಿ ಮುಖದ ಒಂದು ಗೆರೆಯೂ ಅಲುಗದವರು. ಲೊಂಬಾರ್ಡಿ ಗ್ರೀನ್ ಬೇ ತಂಡಕ್ಕೆ ಹೋಗಿ 7 ವರ್ಷದಲ್ಲಿ 5 ಸಲ ಚಾಂಪಿಯನ್ ಆದರು, ಸೂಪರ್ ಬೌಲ್ ಅಂದರೆ ಸೀಸನ್ನಿನ ಫೈನಲ್, ಅದರ ಕಪ್ಪಿಗೆ ಈಗ ಅವರದೇ ಹೆಸರು. ಲ್ಯಾಂಡ್ರಿಯ ಕಥೆ ನನಗೆ ಜಾಸ್ತಿ ಇಷ್ಟ. 1960ರಲ್ಲಿ ಡಲ್ಲಾಸ್ ಕೌಬಾಯ್ಸ್ ಎಂಬ ಹೊಸ ತಂಡಕ್ಕೆ ಬಂದರು. ಆ ವರ್ಷ 12 ಪಂದ್ಯ, 11 ಸೋಲು, ಒಂದು ಸಮ. ಮೊದಲ ನಾಲ್ಕು ವರ್ಷ ಸೇರಿಸಿದರೂ 13 ಗೆಲುವು, 38 ಸೋಲು. ಇವರನ್ನು ತೆಗೀರಿ ಅಂತ ಕೂಗು ಎದ್ದಾಗ ಮಾಲೀಕ ಕ್ಲಿಂಟ್ ಮರ್ಚಿಸನ್ 1964ರಲ್ಲಿ ಮಾಡಿದ್ದೇನು ಗೊತ್ತಾ? 10 ವರ್ಷದ ಹೊಸ ಕರಾರು ಕೊಟ್ಟರು! 1966ರಿಂದ 1985ರವರೆಗೆ ಸತತ 20 ವರ್ಷ ಆ ತಂಡಕ್ಕೆ ಸೋಲಿಗಿಂತ ಗೆಲುವೇ ಜಾಸ್ತಿ, ನಡುವೆ ಎರಡು ಸೂಪರ್ ಬೌಲ್ ಗೆದ್ದರು. ಅವರ ನಂತರ 1989ರಲ್ಲಿ ಬಂದ ಜಿಮ್ಮಿ ಜಾನ್ಸನ್ ಮೊದಲ ವರ್ಷ 16ರಲ್ಲಿ ಗೆದ್ದದ್ದು ಒಂದೇ ಪಂದ್ಯ. ಅವರನ್ನೂ ಇಟ್ಟುಕೊಂಡರು, 1992 ಮತ್ತು 1993ರ ಸೀಸನ್ ಎರಡರಲ್ಲೂ ಕಪ್ ಬಂತು.

ಈಗ ನನ್ನ ಕಥೆ. ನಿವೃತ್ತಿಯಾದ ಮೇಲೆ ನಮ್ಮ ಕಡೆಯ ಒಂದು ಯುವಕ ಸಂಘದ ವಾಲಿಬಾಲ್ ತಂಡಕ್ಕೆ ಕಲಿಸುತ್ತಿದ್ದೆ. ಮೊದಲ ಪಂದ್ಯಾವಳಿಯ ಮೊದಲ ಸುತ್ತಿನಲ್ಲೇ ಸೋತೆವು. ಮರುವಾರ ಫೋನ್ ಬಂತು, "ಮಾಸ್ತರೇ, ನೀವಿನ್ನು ಮನೆಯಲ್ಲಿ ಆರಾಮಾಗಿರಿ." ಎಷ್ಟು ಮರ್ಯಾದೆಯ ಮಾತು ನೋಡಿ! ಸಂಘದ ಹೆಸರು ಬರೆಯುವುದಿಲ್ಲ, ದಿನಾ ಬಸ್‌ಸ್ಟ್ಯಾಂಡಿನಲ್ಲಿ ಅವರ ಮುಖವೇ ನೋಡಬೇಕು.

ಸೋತವರನ್ನೆಲ್ಲ ಇಟ್ಟುಕೊಳ್ಳಿ ಅನ್ನುತ್ತಿಲ್ಲ. ಸೋತಾಗ ಅಂಕಪಟ್ಟಿ ನೋಡುವ ಬದಲು ಮರುದಿನದ ಪ್ರಾಕ್ಟೀಸ್ ನೋಡಿ. 2015ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಅರ್ಧ ನಿಮಿಷವೂ ಉಳಿದಿರಲಿಲ್ಲ, ಸಿಯಾಟಲ್ ತಂಡಕ್ಕೆ ಗೆಲ್ಲಲು ಒಂದೇ ಗಜ ಬಾಕಿ. ಎದುರಾಳಿ ನ್ಯೂ ಇಂಗ್ಲೆಂಡ್ ತಂಡದ ಮಾಲ್ಕಮ್ ಬಟ್ಲರ್ ಎಂಬ ಹುಡುಗ ಮುನ್ನುಗ್ಗಿ ಚೆಂಡು ಕಸಿದುಬಿಟ್ಟ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಯಾರೂ ಆರಿಸದೆ ಬಿಟ್ಟಿದ್ದ ಹುಡುಗ ಅವನು. ಅದೇ ವಾರ ಪ್ರಾಕ್ಟೀಸ್‌ನಲ್ಲಿ ಅದೇ ತಂತ್ರಕ್ಕೆ ಅವನು ಮೋಸಹೋಗಿದ್ದ, ಕೋಚ್ ಬಿಲ್ ಬೆಲಿಚಿಕ್ ಆಗಲೇ ತಿದ್ದಿದ್ದರು. ನನ್ನ ಲೆಕ್ಕದಲ್ಲಿ ಕೋಚ್ ಅಂದರೆ ಇದು. ಎದುರಾಳಿ ಏನು ಆಡಬಹುದು ಅಂತ ಮೊದಲೇ ತಿಳಿದು, ತಂಡದ ಕೊನೆಯ ಹುಡುಗನಿಗೂ ಅದನ್ನು ಕಲಿಸಿಟ್ಟಿರುವವರು.

ಈ ಬೆಲಿಚಿಕ್‌ರನ್ನು ಹಿಂದೆ ಕ್ಲೀವ್‌ಲ್ಯಾಂಡ್ 5 ವರ್ಷ ನೋಡಿ ಕಳಿಸಿಬಿಟ್ಟಿತ್ತು. ನ್ಯೂ ಇಂಗ್ಲೆಂಡ್‌ನಲ್ಲೂ 2000ರಲ್ಲಿ, ಮೊದಲ ವರ್ಷ, 5 ಗೆಲುವು, 11 ಸೋಲು. ಆಮೇಲೆ 6 ಸೂಪರ್ ಬೌಲ್ ಗೆದ್ದರು. ಟಾಮ್ ಬ್ರಾಡಿಯಂಥ ಕ್ವಾರ್ಟರ್‌ಬ್ಯಾಕ್ ಇದ್ದರಲ್ವಾ ಅಂತ ಮಗ ಕಾಲೆಳೆಯುತ್ತಾನೆ. ನಿಜವೇ. ಆದರೆ ಆ ಬ್ರಾಡಿ 2000ರ ಡ್ರಾಫ್ಟ್‌ನಲ್ಲಿ 199ನೇ ಹೆಸರು. ಅಷ್ಟು ಹಿಂದೆ ಉಳಿದವನನ್ನು ಆರಿಸಿ, ಒಂದು ವರ್ಷ ಬೆಂಚಿನಲ್ಲಿ ಕೂರಿಸಿ ಬೆಳೆಸಿದ್ದೂ ಕೋಚ್‌ಗಿರಿಯೇ.

ನಮ್ಮ ಆ ಸಂಘಕ್ಕೆ ನನ್ನ ನಂತರ ಈಗ ಮೂರನೆಯ ಕೋಚ್ ಬಂದಿದ್ದಾರೆ. ಮೊನ್ನೆ ಸಂಜೆ ಬೇಲಿಯಾಚೆ ನಿಂತು ನೋಡಿದೆ, ಸರ್ವಿಸ್ ಇನ್ನೂ ನೆಟ್‌ಗೇ ಹೋಗುತ್ತಿದೆ.

ನಿಮ್ಮಲ್ಲಿ ಒಂದು ಕೇಳಿಕೆ. ಮುಂದಿನ ಜನವರಿಯಲ್ಲಿ ಹೀಗೆ ಕೋಚ್‌ಗಳ ನೌಕರಿ ಹೋದ ಸುದ್ದಿ ಹಾಕುವಾಗ, ಅವರಿಗೆ ಎಷ್ಟು ವರ್ಷ ಸಿಕ್ಕಿತ್ತು ಅಂತ ಒಂದು ಸಾಲು ಸೇರಿಸಿ.

— ನಿವೃತ್ತ ದೈಹಿಕ ಶಿಕ್ಷಕ, ಶಿರಸಿ