ಕಪಾಟಿನ ಬಾಗಿಲಿಗೆ ಅಂಟಿಸಿದ ಕಾಗದ

ಮುಂಬಯಿ ಬಳಿಯ ಡೊಂಬಿವಲಿ, ಮಳೆ ಹಿಡಿದ ಮೂರನೆಯ ದಿನ

ಪ್ರೀತಿಯ ಸದಾ,

ಕಳೆದ ವಾರ ಫೋನಿನಲ್ಲಿ ನೀನು "ಈಗ ಪೂರ್ತಿ ಗುಣವಾಗಿದ್ದೀಯಲ್ಲ ಮಾರಾಯ?" ಎಂದು ಕೇಳಿದೆ. ನಾನು "ಹೂಂ" ಎಂದವನೇ ಪದ್ದಣ್ಣನ ಕೊಡೆಯ ಕಡೆಗೆ ಮಾತು ತಿರುಗಿಸಿದೆ. ಇಬ್ಬರೂ ನಕ್ಕೆವು. ಆ "ಹೂಂ" ಮಾತ್ರ ಗಂಟಲಲ್ಲೇ ಉಳಿದಿದೆ.

ಇದನ್ನು ನಿನಗೊಬ್ಬನಿಗೇ ಬರೆಯಬಹುದಿತ್ತು. ಆದರೆ ಹೋದ ವರ್ಷ ಚೌತಿಯ ಹೊತ್ತಿಗೆ ನನ್ನ ಖಿನ್ನತೆಯ ಥೆರಪಿಯ ಬಗ್ಗೆ "ಹದಿನಾರು ಭೇಟಿ ಮುಗಿಯಿತು, ಗೆದ್ದು ಬಂದೆ" ಎಂದು ನಾನು ಬರೆದದ್ದನ್ನು ಓದಿ ಹರಸಿದವರೆಲ್ಲ ಇದನ್ನು ಓದುವವರಲ್ಲೇ ಇದ್ದಾರೆ. ಅದನ್ನು ಓದಿಯೇ ಮಗನನ್ನು ಥೆರಪಿಗೆ ಕರೆದೊಯ್ದ ಮುಲುಂಡಿನ ತಾಯಿಯೊಬ್ಬರಿದ್ದಾರೆ. ಅವರಿಗೂ ಇದು ತಿಳಿಯಬೇಕು.

ಕೊನೆಯ ಭೇಟಿಯ ದಿನ ಥೆರಪಿಸ್ಟ್ ಮೇಡಂ ಮುಚ್ಚಿಟ್ಟು ಮಾತನಾಡಲಿಲ್ಲ. ಖಿನ್ನತೆ ಒಮ್ಮೆ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅದು ಮರಳಿ ಬರುತ್ತದೆ, ಬೇಗ ಗುರುತಿಸಿದರೆ ಬೇಗ ಹಿಡಿಯಬಹುದು ಎಂದರು. ಅದಕ್ಕೇ ಒಂದು ತಿಂಗಳಿಗೆ, ಮೂರಕ್ಕೆ, ಆರಕ್ಕೆ, ವರ್ಷಕ್ಕೆ ಎಂದು ಮರುಭೇಟಿ ಗೊತ್ತುಮಾಡಿದರು. ಆಮೇಲೆ ಒಂದು ಹಾಳೆ ತೆಗೆದು, ಮಂಕು ಕವಿಯುವ ಮೊದಲು ನನ್ನಲ್ಲಿ ಏನೇನು ಬದಲಾಗುತ್ತದೆ ಎಂದು ನನ್ನಿಂದಲೇ ಹೇಳಿಸಿದರು. ನಾನು ಹಿಂದಿಯಲ್ಲಿ ಹೇಳುತ್ತ ಹೋದೆ, ಅವರು ಬರೆದುಕೊಂಡರು. "ಮಂಕು" ಎಂಬುದಕ್ಕೆ ಮಾತ್ರ ನನಗೆ ಹಿಂದಿ ಸಿಗಲಿಲ್ಲ. ಅವರು ಆ ಕನ್ನಡ ಪದವನ್ನೇ ದೇವನಾಗರಿಯಲ್ಲಿ ದಪ್ಪಗೆ ಬರೆದು ಅಡಿಗೆರೆ ಎಳೆದರು. ಹಾಳೆಯನ್ನು ಕಪಾಟಿನ ಬಾಗಿಲಿನ ಒಳಮೈಗೆ ಅಂಟಿಸಿದೆ. ಅಮ್ಮನ ಫೋನ್ ಎತ್ತದಿರುವುದು. ಒಗೆದ ಬಟ್ಟೆ ಬಕೆಟ್ಟಿನಲ್ಲೇ ಮುಗ್ಗುವುದು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುವುದು. ನಾಲ್ಕನೆಯದು, ಬಂದ ರೈಲನ್ನು ಹತ್ತದೆ ಬಿಡುವುದು.

ಸದಾ, ಈ ನಾಲ್ಕನೆಯದನ್ನು ಯಾರೂ ಕಂಡುಹಿಡಿಯಲಾರರು. ಡೊಂಬಿವಲಿಯಲ್ಲಿ ಬೆಳಗಿನ ಹೊತ್ತು ಎಲ್ಲರೂ ಒಂದೆರಡು ರೈಲು ಬಿಡುತ್ತಾರೆ, ಕಾಲಿಡಲು ಜಾಗವಿರುವುದಿಲ್ಲ. ಫೆಬ್ರುವರಿಯಿಂದ ನಾನು ನಾಲ್ಕು ಬಿಡುತ್ತಿದ್ದೆ, ಐದು ಬಿಡುತ್ತಿದ್ದೆ. ಬೆಂಚಿನ ಮೇಲೆ ಚೀಲವನ್ನು ತೊಡೆಗವಚಿಕೊಂಡು ಕುಳಿತಿರುತ್ತಿದ್ದೆ. ಬಾಗಿಲಲ್ಲಿ ಜಾಗವಿದ್ದ ರೈಲೂ ಕಣ್ಣೆದುರೇ ಹೋಗುತ್ತಿತ್ತು. ಕಚೇರಿಯಲ್ಲಿ "ಗದ್ದಲ" ಎಂದರೆ ಸಾಕು, ಮತ್ತೆ ಪ್ರಶ್ನೆಯಿಲ್ಲ.

ಇದು ಶುರುವಾದದ್ದು ಫೆಬ್ರುವರಿಗಿಂತ ಮೊದಲೇ. ನವೆಂಬರಿನ ಮರುಭೇಟಿಯಲ್ಲಿ ಖಿನ್ನತೆ ಎಷ್ಟಿದೆಯೆಂದು ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ಕೊಟ್ಟರು. ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದ ಲೆಕ್ಕ, ಒಂದೊಂದಕ್ಕೂ ಸೊನ್ನೆಯಿಂದ ಮೂರು, ಒಟ್ಟು 27. ನಿದ್ರೆಯ ಪ್ರಶ್ನೆಗೆ ಎರಡು ಬರೆಯಬೇಕಿತ್ತು. ಪೆನ್ನು ಅಲ್ಲಿ ಕ್ಷಣ ನಿಂತಿತು. ಸೊನ್ನೆ ಬರೆದೆ. ಆಮೇಲೆ ಎಲ್ಲಕ್ಕೂ ಸೊನ್ನೆ. ಅವರ ಮುಖದಲ್ಲಿ ನನ್ನ ಬಗ್ಗೆ ಮೂಡಿದ್ದ ಸಂತೋಷವನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ. ಗೆದ್ದೆ ಎಂದು ಊರಿಗೆಲ್ಲ ಹೇಳಿಕೊಂಡವನು ಮೂರೇ ತಿಂಗಳಿಗೆ ಹೇಗೆ ಬಾಯಿಬಿಡಲಿ? ಆರು ತಿಂಗಳ ಭೇಟಿಗೆ ಹೋಗಲೇ ಇಲ್ಲ. "ಊರಿಗೆ ಬಂದಿದ್ದೇನೆ" ಎಂದು ಸಂದೇಶ ಕಳಿಸಿದೆ, ಇದೇ ಕೋಣೆಯಲ್ಲಿ ಕುಳಿತು. ನಿನ್ನ ಅಕ್ಕನ ಮಗ ಪರೀಕ್ಷೆಯ ಭಯದಲ್ಲಿ ಊಟ ಬಿಟ್ಟಾಗ ಅವನಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಕೊಟ್ಟವನು ನಾನೇ. ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತನಾಡಬಹುದು ಎಂದು ಧೈರ್ಯ ಹೇಳಿದೆ. ಅದೇ ತಿಂಗಳು ರಾತ್ರಿ ಮೂರಕ್ಕೆ ಎದ್ದು ಕುಳಿತು, ಆ ಐದು ಅಂಕಿಗಳನ್ನು ಒತ್ತಲು ನನಗೆ ಕೈ ಬರಲಿಲ್ಲ.

ಇಷ್ಟೆಲ್ಲ ಬರೆಯಬೇಕೆಂದು ಕುಳಿತಿರಲಿಲ್ಲ.

ನಿನ್ನ ಫೋನಿನ ಮರುದಿನ ಮೇಡಂಗೆ ಕರೆ ಮಾಡಿದೆ. ಗದರಲಿಲ್ಲ, ಸುಳ್ಳಿನ ಮಾತನ್ನೂ ಎತ್ತಲಿಲ್ಲ. "ಆ ಕಾಗದ ಇದೆಯಾ?" ಎಂದಷ್ಟೇ ಕೇಳಿದರು. ಕಪಾಟು ತೆರೆದು, ಫೋನನ್ನು ಕಿವಿಗೆ ಒತ್ತಿಕೊಂಡು, ನಿಂತೇ ಓದಿ ಹೇಳಿದೆ. ನಾಲ್ಕಕ್ಕೆ ನಾಲ್ಕೂ ಆಗುತ್ತಿದ್ದವು. ಶನಿವಾರ ದಾದರಿಗೆ ಹೋಗಿ ಪ್ರಶ್ನಾವಳಿಯನ್ನು ಮತ್ತೆ ತುಂಬಿದೆ. ಈ ಸಲ ನಿಜ ಬರೆದೆ: ಹದಿಮೂರು. ಮಧ್ಯಮ ಪ್ರಮಾಣ ಎಂದರು. ಸದ್ಯ ವಾರಕ್ಕೊಂದರಂತೆ ನಾಲ್ಕು ಭೇಟಿ, ಆಮೇಲೆ ನೋಡೋಣ ಎಂದರು. ಹೊರಡುವ ಮುನ್ನ, ಕಾಗದಕ್ಕೆ ಇನ್ನೇನಾದರೂ ಸೇರಿಸಬೇಕೇ ಎಂದು ಕೇಳಿದರು. ಐದನೆಯದನ್ನು ಮನೆಗೆ ಬಂದು ನಾನೇ ಕನ್ನಡದಲ್ಲಿ ಬರೆದೆ: ಎಲ್ಲದಕ್ಕೂ ಸೊನ್ನೆ ಹಾಕುವುದು.

ಸಾಕು, ಭಾರವಾಯಿತು. ಅವತ್ತು ದಾದರಿನಿಂದ ಮಾಟುಂಗಾಕ್ಕೆ ನಡೆದೇ ಹೋದೆ. 1942ರಿಂದ ಊಟ ಬಡಿಸುತ್ತಿರುವ ರಾಮ ನಾಯಕರ ಬೋರ್ಡಿಂಗಿನಲ್ಲಿ ಎಲೆಯ ಮುಂದೆ ಕುಳಿತು ಎರಡು ಸಲ ಸಾರು ಹಾಕಿಸಿಕೊಂಡೆ. ಬಹಳ ದಿನಗಳ ಮೇಲೆ ಹಸಿವೆಯಾಗಿತ್ತು. ಪಕ್ಕದ ಎಲೆ ಖಾಲಿಯಿತ್ತು, ನಿನ್ನ ನೆನಪಾಯಿತು. ಮತ್ಸ್ಯಗಂಧಾ ರೈಲು ಹತ್ತಿ ಬಾ, ಪದ್ದಣ್ಣನ ಕೊಡೆಯನ್ನೂ ತಾ, ಇಲ್ಲಿ ಅದಕ್ಕೆ ತಕ್ಕ ಮಳೆಯೇ ಬೀಳುತ್ತಿದೆ.

ಇನ್ನು ಮೇಲೆ ಫೋನ್ ಮಾಡಿದಾಗ ಗುಣವಾಯಿತೇ ಎಂದು ಕೇಳಬೇಡ. ಇವತ್ತು ಎಷ್ಟು ರೈಲು ಬಿಟ್ಟೆ ಎಂದು ಕೇಳು. ನಿನ್ನೆ ಒಂದು ಬಿಟ್ಟೆ. ಅದು ನಿಜವಾಗಿಯೂ ತುಂಬಿತ್ತು.

ನಿನ್ನ,
ರಘು