ಕೆಂಪು ಪಾಂಡಾ ಬೇಡ, ನೀರುನಾಯಿ ಉಳಿಸಿ

ಮಾನ್ಯ ಸಂಪಾದಕರೇ,

ಕಮಲಾಪುರದ ಝೂಗೆ ಕೆಂಪು ಪಾಂಡಾ ತರಿಸಿ, ಹಂಪಿಗೆ ಬಂದವರೆಲ್ಲ ಅಲ್ಲಿಗೂ ಬರುತ್ತಾರೆ ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದರು. ಆ ಮುದ್ದು ಪ್ರಾಣಿಯ ರೀಲ್ಸ್ ನೋಡಿದ ಯಾರಿಗಾದರೂ ಹಾಗೆ ಅನಿಸುತ್ತದೆ ಬಿಡಿ. ಆದರೆ 25 ಡಿಗ್ರಿ ದಾಟಿದರೆ ಆ ಪ್ರಾಣಿಗೆ ತಡೆಯಲು ಆಗುವುದಿಲ್ಲ. ನಮ್ಮಲ್ಲಿ ಏಪ್ರಿಲ್‌ನಲ್ಲಿ 40 ದಾಟುತ್ತದೆ. ಕೆಂಪು ಪಾಂಡಾಗೆ ಅಂಗಾಲಿನಲ್ಲೂ ಕೂದಲು, ಹಿಮದ ಮೇಲೆ ಓಡಾಡಲಿ ಅಂತ. ಏಸಿ ಹಾಕಿಸೋಣ ಅನ್ನುತ್ತೀರಾ? ಕರೆಂಟ್ ಹೋದ ದಿನ ಏನು ಗತಿ?

ಇಲ್ಲಿಗೆ ತಂದರೆ ಸಂತತಿ ಉಳಿಯುತ್ತದೆ ಎಂಬ ಮಾತೂ ಆ ಪತ್ರದಲ್ಲಿತ್ತು. ಆದರೆ ಅದಕ್ಕೆ ಕುತ್ತು ಬಂದಿರುವುದು ಅದು ಹುಟ್ಟಿ ಬೆಳೆಯುವ ಕಾಡಿನಲ್ಲೇ. ನೇಪಾಳ, ಭೂತಾನ್, ಸಿಕ್ಕಿಂ, ಡಾರ್ಜಿಲಿಂಗ್, ಅರುಣಾಚಲ, ಮ್ಯಾನ್ಮಾರ್, ಚೀನಾದ ಎತ್ತರದ ಬೆಟ್ಟಗಳಷ್ಟೇ ಅದರ ಸೀಮೆ. ತಿನ್ನುವುದು ಹೆಚ್ಚಾಗಿ ಬಿದಿರಿನ ಎಳೆ ಎಲೆ, ಕಳಲೆ. ಹೊಟ್ಟೆ ಮಾತ್ರ ಮಾಂಸ ತಿನ್ನುವ ಪ್ರಾಣಿಯದು. ತಿಂದದ್ದರಲ್ಲಿ ಬಹುಪಾಲು ಜೀರ್ಣವಾಗುವುದೇ ಇಲ್ಲ. ಹಾಗಾಗಿ ದಿನದ ಬಹಳ ಹೊತ್ತು ಮೇಯುತ್ತಲೇ ಇರಬೇಕು. ಅಂಥ ಕಾಡಿನ ನಡುವೆ ರಸ್ತೆ ಬಂತು, ಸೌದೆ ಕಡಿತ ಬಂತು, ದನ ಬಂದವು. ಕಾಡು ತುಂಡುತುಂಡಾಯಿತು. ಈ ತುಂಡಿನ ಗಂಡಿಗೆ ಆ ತುಂಡಿನ ಹೆಣ್ಣು ಸಿಗುವುದಿಲ್ಲ. ಮರಿ ಹಾಕುವುದೇ ವರ್ಷಕ್ಕೊಮ್ಮೆ, ಅದೂ ಸಾಮಾನ್ಯವಾಗಿ ಒಂದೋ ಎರಡೋ. ಬಿದಿರು ಹೂ ಬಿಟ್ಟರೆ ಇಡೀ ಮೆಳೆ ಒಣಗುತ್ತದೆ. ಆಗ ಪಕ್ಕದ ಕಾಡಿಗೆ ಹೋಗೋಣ ಅಂದರೆ ದಾರಿಯೇ ಇಲ್ಲ. ಕಸ್ತೂರಿ ಮೃಗಕ್ಕೋ ಕಾಡುಹಂದಿಗೋ ಒಡ್ಡಿದ ಉರುಳಿಗೂ ಇವು ಬೀಳುತ್ತವೆ. ದನಗಾಹಿಗಳ ಜೊತೆ ಬರುವ ನಾಯಿಗಳು ಅಟ್ಟಿಸಿಕೊಂಡು ಹೋಗಿ ಕಚ್ಚುತ್ತವೆ. ನಾಯಿಗಳಿಂದ ಡಿಸ್ಟೆಂಪರ್ ರೋಗ ಅಂಟಿದರಂತೂ ಬದುಕುವುದು ಕಷ್ಟ. 18 ವರ್ಷದಲ್ಲಿ ಇವುಗಳ ಸಂಖ್ಯೆ ಅರ್ಧಕ್ಕೆ ಇಳಿದಿದೆ ಎಂಬ ಅಂದಾಜಿನ ಮೇಲೆ 2015ರಲ್ಲಿ ಜಾಗತಿಕ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್ ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು.

ಝೂನಿಂದ ಪ್ರಯೋಜನವೇ ಇಲ್ಲ ಅಂತಲ್ಲ. ಡಾರ್ಜಿಲಿಂಗ್ ಝೂನವರು ಮರಿ ಮಾಡಿಸಿ ಬೆಳೆಸಿ, 2003ರಲ್ಲಿ ಎರಡು ಹೆಣ್ಣು ಪಾಂಡಾಗಳನ್ನು ಸಿಂಗಲೀಲಾ ಕಾಡಿಗೆ ಬಿಟ್ಟರು. ಆದರೆ ಆ ಝೂ ಇರುವುದೇ ಸುಮಾರು 7,000 ಅಡಿ ಎತ್ತರದಲ್ಲಿ. ನಮ್ಮದು ಬಂಡೆಗಲ್ಲಿನ ನಾಡು.

ಹಂಪಿಗೆ ಬಂದವರಿಗೆ ತೋರಿಸಲು ನಮ್ಮಲ್ಲೇನು ಕಡಿಮೆ? ದರೋಜಿಯಲ್ಲಿ ಕರಡಿಗಳಿವೆ. ಅದೇ 2015ರಲ್ಲಿ ಸರ್ಕಾರ ಮುದ್ಲಾಪುರದಿಂದ ನಮ್ಮ ಕಂಪ್ಲಿವರೆಗೆ, ತುಂಗಭದ್ರೆಯ 34 ಕಿ.ಮೀ. ಉದ್ದಕ್ಕೆ ನೀರುನಾಯಿ ಸಂರಕ್ಷಿತ ಪ್ರದೇಶ ಘೋಷಿಸಿತು. ಹೊಳೆದಂಡೆಯ ಎಷ್ಟೋ ಜನಕ್ಕೇ ಇದು ಗೊತ್ತಿಲ್ಲ! ಬೆಳಿಗ್ಗೆ ನೀರಿನ ಅಂಚಿಗೆ ಹೋದರೆ ಬಂಡೆ ಮೇಲೆ ಅವುಗಳ ಹಿಕ್ಕೆ ಕಾಣುತ್ತದೆ. ಅದರ ತುಂಬ ಮೀನಿನ ಹುರುಪೆ, ಸಣ್ಣ ಮುಳ್ಳು. ಅದೃಷ್ಟವಿದ್ದರೆ ಇಡೀ ಸಂಸಾರವೇ ತಲೆಯಷ್ಟೇ ಮೇಲೆ ಮಾಡಿ ಈಜುವುದೂ ಕಾಣಬಹುದು. ಇವಕ್ಕೂ ನೆಲೆ ತಪ್ಪುತ್ತಿದೆ. ಮರಳು ಬಗೆದರೆ ದಂಡೆಯ ಬಿಲ ಕುಸಿಯುತ್ತದೆ. ಮದ್ದು ಸಿಡಿಸಿ ಮೀನು ಹಿಡಿದರೆ ಮರಿ ಮೀನೂ ಉಳಿಯುವುದಿಲ್ಲ. ಬಲೆ ಹರಿಯುತ್ತವೆ ಅಂತ ಬೆಸ್ತರಿಗೂ ಇವುಗಳ ಮೇಲೆ ಸಿಟ್ಟು. ಸುಮ್ನೆ ಬಂದ ಸಿಟ್ಟಲ್ಲ ಅದು, ಹೊಸ ಬಲೆಗೆ ದುಡ್ಡು ಯಾರು ಕೊಡುತ್ತಾರೆ?

ಪಾಂಡಾಗೆ ಏಸಿ ಮನೆ ಕಟ್ಟುವಷ್ಟು ಹಣ ಇದ್ದರೆ ಅರಣ್ಯ ಇಲಾಖೆಯವರು ಮೊದಲು ಬಲೆ ಹರಿದವರಿಗೆ ಪರಿಹಾರ ಕೊಡಲಿ. ಕಂಪ್ಲಿ ಕಡೆಯ ದಂಡೆಗೆ ಇನ್ನಷ್ಟು ಕಾವಲುಗಾರರನ್ನು ಹಾಕಲಿ. ಬೇಸಿಗೆಯಲ್ಲಿ ಹೊಳೆ ಇಳಿದರೆ ಮದ್ದು ಸಿಡಿಸುವವರಿಗೆ ಅನುಕೂಲ ಜಾಸ್ತಿ. ಅಷ್ಟರೊಳಗೆ ಈ ಕೆಲಸ ಆಗಬೇಕು.

– ಓದುಗ, ಕಂಪ್ಲಿ, ಬಳ್ಳಾರಿ ಜಿಲ್ಲೆ