ಆ ಚೀಲ ಬಿಚ್ಚಬೇಡ

ಪ್ರೀತಿಯ ಮಗಳೇ,

ಅಸ್ಸಲಾಮು ಅಲೈಕುಂ. ಮನೆಯ ಸಮಾಚಾರವೆಲ್ಲ ನಿನಗೆ ಫೋನಲ್ಲೇ ಸಿಗುತ್ತದೆ, ಬಿಡು. ನಿನ್ನ ಪತ್ರದ ಒಂದು ಸಾಲು ಎರಡು ದಿನದಿಂದ ನನ್ನನ್ನು ಬಿಡುತ್ತಿಲ್ಲ. ತುರ್ತಿಗೆ ಅಂತ ಚೀಲ ಕಟ್ಟಿಟ್ಟ ರಾತ್ರಿ ದುಆಗೆ, ಅಂದರೆ ಬೇಡಿಕೊಳ್ಳಲು, ಕೈ ಎತ್ತಲು ನಾಚಿಕೆಯಾಯಿತು ಅಂತ ಬರೆದಿದ್ದೀಯ. ಅಲ್ಲಾಹನನ್ನು ನಂಬಿದ್ದರೆ ಚೀಲ ಯಾಕೆ ಅಂತ.

ಮೊದಲು ಒಂಟೆ ಕಟ್ಟು, ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡು ಎಂಬ ಹದೀಸ್, ಪ್ರವಾದಿಯವರ ಆ ಮಾತು, ನಿನಗೆ ಚಿಕ್ಕಂದಿನಿಂದ ಬಾಯಿಪಾಠ, ಬಿಡಿಸಿ ಹೇಳುವುದಿಲ್ಲ. ನನಗೆ ನೆನಪಾಗುತ್ತಿರುವುದು ಹಿಜ್ರತ್, ಮಕ್ಕಾದಿಂದ ಮದೀನಾಕ್ಕೆ ಹೋದ ಆ ವಲಸೆ. 622ರಲ್ಲಿ ಪ್ರವಾದಿಯವರು (ಸ) ಮಕ್ಕಾ ಬಿಟ್ಟಾಗ ಸೇರಬೇಕಿದ್ದ ಮದೀನಾ ಇದ್ದದ್ದು ಉತ್ತರಕ್ಕೆ. ಹೊರಟಿದ್ದು ದಕ್ಷಿಣಕ್ಕೆ, ಸೌರ್ ಗುಹೆಗೆ. ಮೂರು ರಾತ್ರಿ ಅಲ್ಲೇ. ಜೊತೆಗಿದ್ದ ಗೆಳೆಯ ಅಬೂಬಕರ್ ಅವರ (ರ) ಮಗ ಊರಿನ ಸುದ್ದಿ ತರುತ್ತಿದ್ದರು. ಅವರ ಕುರಿ ಕಾಯುತ್ತಿದ್ದ ಆಮಿರ್ ಬಿನ್ ಫುಹೈರಾ ಹಿಂದೆಯೇ ಕುರಿ ಹೊಡೆದುಕೊಂಡು ಬಂದು ಹೆಜ್ಜೆಗುರುತು ಅಳಿಸುತ್ತಿದ್ದರು. ದಾರಿ ತೋರಿಸಲು ಗೊತ್ತು ಮಾಡಿದ್ದವನು ಮುಸ್ಲಿಮನೂ ಅಲ್ಲ. ದಾರಿ ಬಲ್ಲವನು, ಅಷ್ಟೇ ಸಾಕಿತ್ತು. ಇಷ್ಟೆಲ್ಲ ಮಾಡಿಯೂ ಹುಡುಕಿಕೊಂಡು ಬಂದ ಮಕ್ಕಾದ ವೈರಿಗಳು ತಲೆಯ ಮೇಲೇ ಬಂದು ನಿಂತರು. ಅವರು ಬಗ್ಗಿ ಕಾಲಡಿ ನೋಡಿದ್ದರೆ ಮುಗಿದಿತ್ತು. "ದುಃಖಿಸಬೇಡ, ಅಲ್ಲಾಹ್ ನಮ್ಮ ಜೊತೆಗಿದ್ದಾನೆ" ಅಂತ ಪ್ರವಾದಿಯವರು ಅಬೂಬಕರ್ ಅವರಿಗೆ ಹೇಳಿದ್ದು ಆಗ. ಆ ಕುರಿಗಳ ಗೊರಸು ಈ ಮಾತನ್ನು ಸುಳ್ಳು ಮಾಡಿತಾ, ಹೇಳು?

ನಾಚಿಕೆಪಡಬೇಕಾದವನು ನಾನು. ನಿನ್ನ ದೊಡ್ಡಮ್ಮ ಹೇಗೆ ತೀರಿಕೊಂಡಳು ಅಂತ ಎಲ್ಲರಿಗೂ ಗೊತ್ತು. ಯಾರಿಗೂ ಹೇಳದ್ದು ಒಂದಿದೆ. ಅವಳ ಪರೀಕ್ಷೆಗೆ ಡಾಕ್ಟರು ಬರೆದುಕೊಟ್ಟ ಚೀಟಿ 19 ದಿನ ನನ್ನ ಅಂಗಿ ಜೇಬಲ್ಲೇ ಇತ್ತು. ನಮಾಝಿನಲ್ಲಿ ಸಜ್ದಾಕ್ಕೆ ಬಾಗಿದಾಗಲೆಲ್ಲ ಎದೆಯ ಹತ್ತಿರ ಸರಸರ ಅನ್ನುತ್ತಿತ್ತು. ಮಡಿಚಿದ ಕಡೆ ಸವೆದು ಎರಡು ತುಂಡಾಯಿತು. "ಅಲ್ಲಾಹ್ ನೋಡಿಕೊಳ್ಳುತ್ತಾನೆ" ಅನ್ನುತ್ತಿದ್ದೆ, ಅವಳೂ ತಲೆಯಾಡಿಸುತ್ತಿದ್ದಳು. ನನ್ನ ಹೆದರಿಕೆಗೆ ತವಕ್ಕುಲ್, ಅಲ್ಲಾಹನ ಮೇಲಿನ ಭರವಸೆ, ಅಂತ ಹೆಸರಿಟ್ಟಿದ್ದೆ, ಮಗಳೇ. ಬೇಗ ಹೋಗಿದ್ದರೆ ಉಳಿಯುತ್ತಿದ್ದಳು ಅನ್ನುತ್ತಿಲ್ಲ. ಆಯಸ್ಸು ಬರೆಯುವವನು ಬೇರೆ. ಆದರೆ ಚೀಟಿ ಇದ್ದದ್ದು ನನ್ನ ಜೇಬಲ್ಲಿ, ಅಲ್ವಾ?

ಹಿಂದೆ ಯಮನ್‌ನಿಂದ ಕೆಲವರು "ನಾವು ತವಕ್ಕುಲ್ ಮಾಡುವವರು" ಅಂತ ಬರಿಗೈಲಿ ಹಜ್ಜಿಗೆ ಬಂದು, ಮಕ್ಕಾದಲ್ಲಿ ಜನರ ಮುಂದೆ ಕೈಚಾಚುತ್ತಿದ್ದರಂತೆ. ದಾರಿಬುತ್ತಿ ಕಟ್ಟಿಕೊಳ್ಳಿ ಎಂಬ ಕುರ್‌ಆನಿನ ಆಯತ್ (2:197) ಇಳಿದದ್ದು ಆ ಸಂದರ್ಭಕ್ಕೆ. ಅತ್ಯುತ್ತಮ ಬುತ್ತಿ ತಖ್ವಾ, ದೇವಭಯ, ಅಂತಲೂ ಅದರಲ್ಲೇ ಇದೆ. ಎರಡೂ ಒಂದೇ ಆಯತ್ತಿನಲ್ಲಿ, ಅಕ್ಕಪಕ್ಕ. ನಿನಗೆ ನಾಚಿಕೆ ಎಲ್ಲಿಂದ ಬಂತೋ!

ಚೀಲದಲ್ಲಿ ಏನಿರಬೇಕು ಅಂತ ನಾನು ಹೇಳಿದರೆ ನಗುತ್ತೀಯ. ಮಾತ್ರೆಗಳ ಅವಧಿ ಮುಗಿದಿದೆಯಾ ನೋಡಿಕೋ. ಕಾಗದಪತ್ರಗಳ ಜೆರಾಕ್ಸ್ ಇರಲಿ. ವಸಿಯ್ಯತ್, ಅಂದರೆ ಉಯಿಲು, ಕೂಡ ಬರೆದಿಡು. ನಿನ್ನ ವಯಸ್ಸಿಗೆ ಇದು ಜಾಸ್ತಿ ಆಯಿತೇನೋ, ಆದರೆ ಬಿಟ್ಟುಹೋಗಲು ಏನಾದರೂ ಇದ್ದವನು ಅದನ್ನು ಬರೆಯದೆ ಎರಡು ರಾತ್ರಿ ಕಳೆಯಬಾರದು ಅಂತ ಹದೀಸ್ ಇದೆ. ರಾತ್ರಿ ಎದ್ದೆದ್ದು ಸುಮ್ನೆ ಚೀಲ ತಡಕಬೇಡ, ಅಷ್ಟೇ.

ಇವತ್ತು ಇಶಾ ನಮಾಝ್ ಆದಮೇಲೆ ಅದರ ಪಕ್ಕದಲ್ಲೇ ಕೂತು ಕೈ ಎತ್ತು. ದೊಡ್ಡಮ್ಮನ ಹೆಸರು ಹೇಳು. ಮನಸ್ಸಾದರೆ ನನ್ನದೂ.

ನಿನ್ನ ದೊಡ್ಡಪ್ಪ